ಉಸಿರು ಸಡಿಲವಾದರೆ ಕಾಯಿಲೆ ಹೋಯಿತೇ?

ನಡುರಾತ್ರಿ. ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ತಾಯಿಯ ಮಡಿಲಲ್ಲಿ ನಾಲ್ಕು ವರ್ಷದ ಮಗು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತದೆ, ಎದೆಯಲ್ಲಿ ಗುಯ್‌ಗುಯ್ ಸದ್ದು. ನರ್ಸ್ ಪುಟ್ಟ ಪ್ಲಾಸ್ಟಿಕ್ ಟ್ಯೂಬಿನ ತಲೆ ತಿರುಚಿ ಔಷಧವನ್ನು ಬಟ್ಟಲಿಗೆ ಹಿಂಡುತ್ತಾರೆ. ಯಂತ್ರ ಗುರ್ರೆನ್ನುತ್ತದೆ, ಮಾಸ್ಕಿನ ಅಂಚಿನಿಂದ ಮಂಜು ಸೋರುತ್ತದೆ. ಹತ್ತು ನಿಮಿಷಕ್ಕೆ ಮಗುವಿನ ಹೆಗಲು ಇಳಿಯುತ್ತದೆ, ಕಣ್ಣು ಮುಚ್ಚುತ್ತದೆ. ‘ನೆಬುಲೈಸೇಷನ್ ಕೊಡಿಸಿದ್ವಿ, ಸರಿಹೋಯ್ತು’ ಎಂದುಕೊಂಡು ಮನೆಯವರು ಹೊರಡುತ್ತಾರೆ. ನನ್ನ ಆತಂಕ ಶುರುವಾಗುವುದು ಅಲ್ಲಿಂದ.

ಆ ಬಟ್ಟಲಲ್ಲಿ ಸಾಮಾನ್ಯವಾಗಿ ಇರುವುದು ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್. 1969ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಸಾಲ್ಬುಟಮಾಲ್, ಬಿಗಿದ ಶ್ವಾಸನಾಳದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ನಾಲ್ಕಾರು ಗಂಟೆಗೆ ಅದರ ಕೆಲಸ ಮುಗಿಯಿತು. ಆಸ್ತಮಾದ ಬೇರು ಇರುವುದು ನಾಳದ ಒಳಗೋಡೆಯ ಊತದಲ್ಲಿ. ಆ ಊತವನ್ನು ಸಾಲ್ಬುಟಮಾಲ್ ಇಳಿಸದು. ಇಳಿಸುವುದು ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇನ್ಹೇಲರ್, ಅದೂ ವೈದ್ಯರು ಹೇಳಿದಂತೆ ತಪ್ಪದೆ ಎಳೆದುಕೊಂಡರೆ. ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ರೂಪಿಸುವ ‘ಜಿನಾ’ ಸಂಸ್ಥೆ, ಹದಿಹರೆಯದವರು ಮತ್ತು ವಯಸ್ಕರಿಗೆ ಸಾಲ್ಬುಟಮಾಲ್‌ನಂಥ ಔಷಧವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದು ಬೇಡವೆಂದು 2019ರಲ್ಲೇ ಹೇಳಿತು.

ನಮ್ಮ ಮನೆಗಳಲ್ಲಿ ಭಯ ಇರುವುದು ಮಾತ್ರ ಇನ್ಹೇಲರ್ ಬಗ್ಗೆ. ‘ಪಂಪು ಹಿಡಿದರೆ ಬಿಡೋಕಾಗಲ್ಲ’ ಎನ್ನುವ ಅದೇ ಅಜ್ಜಿ, ಮನೆಗೆ ನೆಬುಲೈಸರ್ ತಂದಾಗ ನೆಮ್ಮದಿಯ ಉಸಿರು ಬಿಡುತ್ತಾರೆ. ಲೆಕ್ಕ ನೋಡಿ: ಇನ್ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ ಸಾಲ್ಬುಟಮಾಲ್, ನೆಬುಲೈಸರಿನ ಒಂದು ಟ್ಯೂಬಿನಲ್ಲಿ 2.5 ಮಿಲಿಗ್ರಾಂ, ಅಂದರೆ ಇಪ್ಪತ್ತೈದು ಪಟ್ಟು. ಹೆಚ್ಚಿನ ಪಾಲು ಗಾಳಿಯಲ್ಲೇ ಹೋಗುತ್ತದೆ, ನಿಜ. ಆದರೂ ಕೈ ನಡುಗುವುದು, ಎದೆ ಡವಗುಟ್ಟುವುದು ಇದರಿಂದಲೇ. ಯಂತ್ರ ದೊಡ್ಡದಾದ್ದರಿಂದ ಮದ್ದೂ ದೊಡ್ಡದು ಎಂಬ ನಂಬಿಕೆ 2021ರ ಕೋವಿಡ್ ಎರಡನೇ ಅಲೆಯಲ್ಲಿ ಎಲ್ಲಿಗೆ ಹೋಯಿತೆಂದರೆ, ಆಮ್ಲಜನಕದ ಸಿಲಿಂಡರ್ ಬದಲು ನೆಬುಲೈಸರ್ ಸಾಕು ಎಂಬ ವಿಡಿಯೊ ವಾಟ್ಸ್ಆ್ಯಪ್ ತುಂಬ ಹರಿದಾಡಿತು. ಮನೆಯ ನೆಬುಲೈಸರ್ ಕೋಣೆಯ ಗಾಳಿಯಲ್ಲೇ ಔಷಧ ತೇಲಿಸುತ್ತದೆ, ಆಮ್ಲಜನಕ ತಯಾರಿಸುವುದಿಲ್ಲ.

ತುಟಿ ನೀಲಿಯಾದವರಿಗೆ, ಒಂದು ವಾಕ್ಯ ಪೂರ್ತಿ ಆಡಲಾಗದೆ ದಮ್ಮು ಕಟ್ಟಿದವರಿಗೆ ಆಸ್ಪತ್ರೆಯಲ್ಲಿ ಆಮ್ಲಜನಕದೊಂದಿಗೆ ನೆಬುಲೈಸರ್ ಬೇಕೇ ಬೇಕು. ಒಲೆ ಹೊಗೆ, ಬೀಡಿ ಹೊಗೆಯಿಂದ ಶ್ವಾಸಕೋಶ ಸವೆದು, ಇನ್ಹೇಲರ್ ಒತ್ತಲು ಬೆರಳಿಗೆ ಶಕ್ತಿಯಿಲ್ಲದ ವೃದ್ಧರಿಗೂ ಅದು ಆಸರೆ. ಉಳಿದ ಹೆಚ್ಚಿನವರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆಗೆ ಸಿಕ್ಕಿಸಿದ ಇನ್ಹೇಲರ್ ಅಷ್ಟೇ ಕೆಲಸ ಮಾಡುತ್ತದೆ. ಕಾಕ್ರೇನ್ ಪರಿಶೀಲನೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ಹೇಳಿದ್ದು ಇದನ್ನೇ. ಸ್ಪೇಸರ್ ಬಳಸಿದ ಮಕ್ಕಳು ತುರ್ತು ಕೊಠಡಿಯಿಂದ ಬೇಗ ಮನೆಗೆ ಹೋದರು. ದುಡ್ಡಿನ ನೆಪವೂ ನಿಲ್ಲದು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಕೊರೆದು ಇನ್ಹೇಲರ್ ಕೂರಿಸಿದರೂ ಮಾಮೂಲಿ ಸ್ಪೇಸರಿನಷ್ಟೇ ಫಲ ಕೊಡುತ್ತದೆಂದು ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿಕೊಟ್ಟರು.

ಬೆಂಗಳೂರಿನ ಮಕ್ಕಳ ಕುರಿತ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5ಕ್ಕೆ ಏರಿತ್ತು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13, ಸಾವಿನಲ್ಲಿ ಶೇ 42 ಎನ್ನುತ್ತದೆ ಜಾಗತಿಕ ರೋಗಭಾರದ ಅಂದಾಜು. ಈ ಎರಡು ಅಂಕಿಗಳ ನಡುವಿನ ಕಂದಕ ನನ್ನ ನಿದ್ದೆ ಕೆಡಿಸುತ್ತದೆ. ಬುಡೆಸೊನೈಡ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವುದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿಗೂ ಸದಾ ಬರಬೇಕು, ಜೊತೆಗೆ ಸ್ಪೇಸರ್ ಕೂಡ. ತಿಂಗಳಲ್ಲಿ ಎರಡನೇ ಸಲ ನೆಬುಲೈಸೇಷನ್‌ಗೆ ಬಂದ ಮಗುವನ್ನು ‘ಸರಿಹೋಯ್ತು’ ಎಂದು ಕಳಿಸಬಾರದು. ದಿನದ ಔಷಧ ಯಾವುದು, ಎಷ್ಟು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕನ್ನಡದಲ್ಲಿ ಬರೆದ ಚೀಟಿ ತಾಯಿಯ ಕೈಗೆ ಸಿಗಬೇಕು. ಸ್ಪೇಸರ್ ಹಿಡಿಯುವ ಬಗೆಯನ್ನು ಆಕೆ ನರ್ಸ್ ಎದುರಿಗೇ ಒಮ್ಮೆ ಮಾಡಿ ತೋರಿಸಿ, ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಡಲಿ.