ಸ್ಟೀಮ್ ಲ್ಯಾಬ್ ಬಂದರೆ ಸಾಲದು, ಮೂರನೇ ವರ್ಷ ನಡೆಸೋರು ಯಾರು?

ಯಲಹಂಕ: ಅಡ್ಮಿಶನ್ ಟೈಮ್ ಬಂತೆಂದರೆ ಶಾಲೆಗಳ ಕರಪತ್ರದಲ್ಲಿ ಈಗ ‘ಸ್ಟೀಮ್’ ಎಂಬ ಮಾತು ಎದ್ದು ಕಾಣುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತ ಐದನ್ನೂ ಬೆರೆಸಿ, ಮಕ್ಕಳ ಕೈಯಲ್ಲೇ ಮಾಡಿಸಿ ಕಲಿಸೋದು ಇದರ ಉದ್ದೇಶ. ನೋಡಲು ಹೋದ ಪೋಷಕರಿಗೆ ರೋಬೋ ಕಿಟ್, ತ್ರೀಡಿ ಪ್ರಿಂಟರ್ ತೋರಿಸುತ್ತಾರೆ. ಪ್ರಿಂಟರ್ ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ, ಅದನ್ನು ಕಲಿತ ಮೇಷ್ಟ್ರು ವರ್ಗವಾದರೆ ಏನು ಗತಿ ಅಂತ ಕೇಳುವವರು ಕಡಿಮೆ.

ದುಡ್ಡಿನ ಲೆಕ್ಕ ನೋಡಿ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 6ರಿಂದ 12ನೇ ತರಗತಿ ಮಕ್ಕಳ ಟಿಂಕರಿಂಗ್ ಲ್ಯಾಬ್‌ಗೆ ಸಿಗುವ ಅನುದಾನ 20 ಲಕ್ಷ ರೂ.ವರೆಗೆ. ಅದರಲ್ಲಿ 10 ಲಕ್ಷ ಲ್ಯಾಬ್ ಸಜ್ಜು ಮಾಡಲು. ಉಳಿದ 10 ಲಕ್ಷ ಐದು ವರ್ಷ ನಡೆಸಲು. ಅಂದರೆ ತಿಂಗಳಿಗೆ 17 ಸಾವಿರ ರೂ. ಕೂಡ ಬೀಳುವುದಿಲ್ಲ. ಅಂಗಡಿ ಬಾಡಿಗೆ ಕಟ್ಟುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಅಡ್ವಾನ್ಸ್ ಹೊಂದಿಸುವುದು ಒಂದು ಕಷ್ಟ, ತಿಂಗಳ ಖರ್ಚು ತೂಗಿಸುವುದು ಇನ್ನೊಂದು. ಐದು ವರ್ಷ ಕಳೆದ ಮೇಲೆ ಖರ್ಚು ಶಾಲೆಯದೇ.

2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50 ಸಾವಿರ ಲ್ಯಾಬ್ ಕೊಡುವುದಾಗಿ ಘೋಷಣೆಯಾಗಿದೆ. ಸರದಿ ಯಲಹಂಕ ಭಾಗಕ್ಕೂ ಬರಬಹುದು. ಅಷ್ಟರೊಳಗೆ ಶಾಲೆ ತಯಾರಾಗಿದೆಯಾ ಅನ್ನೋದು ಮುಖ್ಯ.

ಹಂತ ಹಂತವಾಗಿ ಹೋಗುವುದು ಕರ್ನಾಟಕಕ್ಕೆ ಹೊಸದೇನಲ್ಲ. ‘ನಲಿ-ಕಲಿ’ 1995ರಲ್ಲಿ ಶುರುವಾಗಿದ್ದು ಎಚ್.ಡಿ. ಕೋಟೆ ತಾಲೂಕಿನ ಶಾಲೆಗಳಲ್ಲಿ. ಅಲ್ಲಿನ ಮೇಷ್ಟ್ರುಗಳು ಮೊದಲು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದರು, ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಅದು ಬಂದಿದ್ದು 2009-10ರಲ್ಲಿ. ಹೆಚ್ಚುಕಡಿಮೆ 14 ವರ್ಷ! ಅಲ್ಲಿ ಮೇಷ್ಟ್ರು ಮೊದಲು, ಸಾಮಾನು ಆಮೇಲೆ. ಸ್ಟೀಮ್ ಹೆಸರಲ್ಲಿ ಆಗುತ್ತಿರುವುದು ಬಹುಪಾಲು ಇದರ ಉಲ್ಟಾ.

ಪುಟ್ಟೇನಹಳ್ಳಿಯ ಶಾಲೆಯೊಂದು ಜೂನ್‌ನಲ್ಲಿ ಶುರು ಮಾಡುತ್ತದೆ ಅಂದುಕೊಳ್ಳಿ. ಮೊದಲ ವರ್ಷ 6ನೇ ತರಗತಿ ಮಾತ್ರ ಸಾಕು. ವಿಜ್ಞಾನದ ಮೇಷ್ಟ್ರು, ಡ್ರಾಯಿಂಗ್ ಟೀಚರ್ ಇಬ್ಬರೂ ಒಟ್ಟಿಗಿರುವಂತೆ ವಾರಕ್ಕೆ ಎರಡು ಪೀರಿಯಡ್ ಟೈಮ್‌ಟೇಬಲ್‌ನಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ಪೋರ್ಷನ್ ಮುಗಿದಿಲ್ಲ ಅಂತ ಗಣಿತದವರು ಆ ಪೀರಿಯಡ್ ತಗೊಂಡುಬಿಡುತ್ತಾರೆ. ಸಾಮಾನಿಗೆ ಅಂಗಡಿಗಳ ರಟ್ಟಿನ ಡಬ್ಬ, ಬ್ಯಾಟರಿ, ಎಲ್‌ಇಡಿ ಬಲ್ಬು, ಖಾಲಿ ಬಾಟಲಿ ಸಾಕು. ಬಾಟಲಿಯಲ್ಲೇ ಮಳೆಮಾಪಕ ಮಾಡಿ ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಾ ಅಳೆದರೆ ಗಣಿತಕ್ಕೆ ಗ್ರಾಫ್ ಸಿಕ್ಕಿತು.

ಪಕ್ಕದಲ್ಲೇ ಕೆರೆ ಇದೆ. (ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಬೇರೆ, ಇದು ಯಲಹಂಕದ್ದು.) ಹಕ್ಕಿಗಳಿಗಾಗಿ 2015ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಜಾಗ. ಅರಣ್ಯ ಇಲಾಖೆಯ ಅನುಮತಿ ಪಡೆದು ಮಕ್ಕಳನ್ನು ಕರೆದೊಯ್ದರೆ ಹಕ್ಕಿ ಎಣಿಸೋದು, ಚಿತ್ರ ಬಿಡಿಸೋದು, ನೀರಿನ ಬಣ್ಣ ಬರೆದಿಡೋದು ಎಲ್ಲಾ ಆಗುತ್ತದೆ. ‘ಸ್ಟೀಮ್’ನಲ್ಲಿರುವ ಕಲೆ ಅಂದರೆ ಇದೇ, ವಾರ್ಷಿಕೋತ್ಸವದ ಡ್ಯಾನ್ಸ್ ಅಲ್ಲ.

ಅದೇ ಮಕ್ಕಳು 7ಕ್ಕೆ ಹೋದಾಗ ನಾಲ್ಕೈದು ಎಲೆಕ್ಟ್ರಾನಿಕ್ಸ್ ಕಿಟ್, 8ಕ್ಕೆ ಬಂದಾಗ ಸೆನ್ಸರ್, ಕೋಡಿಂಗ್. ಪ್ರಿಂಟರ್ ಬೇಕೋ ಬೇಡವೋ ಅಂತ ಆಗ ತೀರ್ಮಾನಿಸಲಿ. 9ರಿಂದ ಎಸ್‌ಎಸ್‌ಎಲ್‌ಸಿ ಬಿಸಿ ತಟ್ಟುವುದರಿಂದ 6ರಿಂದ 8 ಈ ಮೂರು ವರ್ಷವೇ ಸಿಗುವ ಸಮಯ. ಹೀಗೆ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ, ವರ್ಷಕ್ಕೆ ಇಬ್ಬರಂತೆ ಮೇಷ್ಟ್ರುಗಳೂ ತಯಾರಾಗುತ್ತಾರೆ. ಒಬ್ಬರು ವರ್ಗವಾದರೂ ಲ್ಯಾಬ್‌ಗೆ ಬೀಗ ಬೀಳಲ್ಲ.

ಊರಿನ ಎಲೆಕ್ಟ್ರಿಷಿಯನ್, ಸೈಕಲ್ ಶಾಪಿನವರು, ಬಡಗಿ ತಿಂಗಳಿಗೊಮ್ಮೆ ಒಂದು ಗಂಟೆ ಬಂದರೂ ಮಕ್ಕಳಿಗೆ ಗೇರ್, ಸರ್ಕ್ಯೂಟ್ ಅರ್ಥವಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ಈ ಮಾತು ಎತ್ತಲು ಎಸ್‌ಡಿಎಂಸಿ ಸಭೆ ಇದೆ. ಖಾಸಗಿ ಶಾಲೆಗೆ ಫೀಸು ಕಟ್ಟುವವರು ಕಿಟ್ ನೋಡುವ ಮುಂಚೆ ಟೈಮ್‌ಟೇಬಲ್ ತೋರಿಸಿ ಅಂತ ಕೇಳಬಹುದು.