ಉಪಗ್ರಹದ ಕಣ್ಣಿಗೆ ತೋಟವೂ ಕಾಡೇ?

ವಯನಾಡಿನ ಕಾಫಿ ತೋಟ, ಕಾಸರಗೋಡಿನ ಅಡಿಕೆ ತೋಟ ಎರಡೂ ಸರಕಾರದ ಲೆಕ್ಕದಲ್ಲಿ 'ಅರಣ್ಯ ಹೊದಿಕೆ'. ಕೇಳಿದವರು ನಗಬಹುದು, ಆದರೆ ಸತ್ಯ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಉಪಗ್ರಹ ಚಿತ್ರಗಳ ಆಧಾರದ ಮೇಲೆ ವರದಿ ಕೊಡುತ್ತ ಬಂದಿದೆ. ಒಂದು ಹೆಕ್ಟೇರ್ ಜಾಗ, ಅದರ ಮೇಲೆ ಶೇ. 10ರಷ್ಟು ಮರಗಳ ನೆತ್ತಿ ಕಂಡರೆ ಸಾಕು, ಅದು ಅರಣ್ಯ ಹೊದಿಕೆ. ಮರ ಯಾವುದು, ಜಾಗ ಯಾರದು ಎಂದು ಕೇಳುವುದಿಲ್ಲ.

ಕೇರಳವನ್ನೇ ನೋಡಿ. 2021ರ ವರದಿಯಲ್ಲಿ ಅಲ್ಲಿಯ ಅರಣ್ಯ ಹೊದಿಕೆ 21,253 ಚದರ ಕಿ.ಮೀ., ಅಂದರೆ ರಾಜ್ಯದ ಶೇ. 54.70. ದಾಖಲೆಯಲ್ಲಿರುವ ಅರಣ್ಯ ಪ್ರದೇಶ ಮಾತ್ರ ಹನ್ನೊಂದೂವರೆ ಸಾವಿರದ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ರೈತರು ನೆಟ್ಟ ರಬ್ಬರ್, ತೆಂಗು, ಅಡಿಕೆ, ಕಾಫಿ ತೋಟಗಳ ನೆರಳು. ನಾನು ಬಿ.ಕಾಂ. ಓದಿದವ. ಅಂಗಡಿಯ ಮಾಲು, ಅಂಗಡಿಯ ಕಟ್ಟಡ ಎರಡನ್ನೂ ಒಂದೇ ಖಾತೆಗೆ ಬರೆದರೆ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಕಟ್ಟಡದ ಗೋಡೆ ಬಿದ್ದದ್ದು ಆ ಮೊತ್ತದಲ್ಲಿ ಗೊತ್ತೇ ಆಗುವುದಿಲ್ಲ. ಸ್ವಾಭಾವಿಕ ಕಾಡು ಹೋಗಿ ಅಷ್ಟೇ ರಬ್ಬರ್ ಬಂದರೆ ವರದಿಯಲ್ಲಿ ನಷ್ಟವೇ ಇಲ್ಲ!

ತಪ್ಪು ಉಪಗ್ರಹದ್ದಲ್ಲ. ಈ ಕೆಲಸಕ್ಕೆ ಬಳಸುವ ನಮ್ಮ ಲಿಸ್-3 ಕ್ಯಾಮೆರಾದಲ್ಲಿ ಒಂದು ಚುಕ್ಕೆ ಎಂದರೆ 23.5 ಮೀಟರ್ ಜಾಗ. ಯುರೋಪಿನ ಸೆಂಟಿನೆಲ್-2 ಹತ್ತು ಮೀಟರ್ ಲೆಕ್ಕದಲ್ಲಿ, ಐದೈದು ದಿನಕ್ಕೆ ಚಿತ್ರ ಕೊಡುತ್ತದೆ, ಅದೂ ಪುಕ್ಕಟೆ. ರಬ್ಬರ್ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ, ಪಕ್ಕದ ನಿತ್ಯಹರಿದ್ವರ್ಣ ಕಾಡು ಹಾಗೆ ಮಾಡುವುದಿಲ್ಲ. ತಿಂಗಳು ತಿಂಗಳ ಚಿತ್ರ ಜೋಡಿಸಿದರೆ ಕಳ್ಳತನ ಬಯಲು. ಅಡಿಕೆ, ತೆಂಗು ಸಾಲು ಹಿಡಿದಿರುತ್ತವೆ, ಇನ್ನೂ ಸ್ಪಷ್ಟ ಚಿತ್ರದಲ್ಲಿ ಸಾಲೇ ಕಾಣುತ್ತದೆ. ಮಳೆಗಾಲದ ಮೋಡಕ್ಕೆ ರೇಡಾರ್ ಉಪಗ್ರಹ ಇದೆ. ಕಾಫಿಯೊಂದೇ ಕಠಿಣ. ಗಿಡ ಕೆಳಗೆ, ಮೇಲೆ ಹಲಸು, ಸಿಲ್ವರ್ ಓಕ್. ಆಕಾಶದಿಂದ ಎಷ್ಟು ನೋಡಿದರೂ ಕಾಣುವುದು ನೆರಳಿನ ಮರವೇ. ಅಲ್ಲಿಗೆ ಮನುಷ್ಯ ಕಾಲ್ನಡಿಗೆಯಲ್ಲೇ ಹೋಗಬೇಕು.

ಇದು ಬರೀ ಪಂಡಿತರ ಜಗಳ ಅಲ್ರೀ, ರೊಕ್ಕದ ಮಾತೂ ಹೌದು. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ, ರಬ್ಬರ್ ಅಲ್ಲಿ ಮಾರುವಂತಿಲ್ಲ. ಎರಡು ಸಲ ಮುಂದಕ್ಕೆ ಹೋಗಿ, ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿಯಾಗಿದೆ. ಪ್ರತಿ ತೋಟದ ಅಕ್ಷಾಂಶ-ರೇಖಾಂಶ ಕೊಡಬೇಕು, ನಾಲ್ಕು ಹೆಕ್ಟೇರ್ ಮೀರಿದರೆ ಸುತ್ತಿನ ಗಡಿಯನ್ನೇ ಗುರುತಿಸಬೇಕು. ನೆರಳಿನ ಕಾಫಿ ತೋಟ ಕೃಷಿ ಭೂಮಿ, ಕಾಡಲ್ಲ ಎಂದು ಆ ಕಾಯ್ದೆಯೇ ಒಪ್ಪುತ್ತದೆ. ಆದರೆ ನಕಾಶೆಯಲ್ಲಿ ಅದೇ ತೋಟ ಕಾಡೆಂದು ಹಸಿರಾಗಿ ಬಿದ್ದಿದ್ದರೆ? ಹಳೆ ನೆರಳಿನ ಮರ ಕಡಿದ ವಯನಾಡಿನ ಸಣ್ಣ ಬೆಳೆಗಾರ, ಕಾಡು ಕಡಿದವ ಎನಿಸಿಕೊಳ್ಳಬೇಕಾದೀತು. ಡೆಹ್ರಾಡೂನಿನಲ್ಲಿ ಅವನ ತೋಟ ದೇಶದ ಕಾಡು ಹೆಚ್ಚಿಸುತ್ತದೆ, ಯುರೋಪಿನಲ್ಲಿ ಅವನನ್ನೇ ಸಂಶಯಕ್ಕೆ ತಳ್ಳುತ್ತದೆ. ಎಂಥಾ ನ್ಯಾಯ!

ನಮ್ಮ ಸೊಲ್ಲಾಪುರ ಕಡೆ ಇದರ ಇನ್ನೊಂದು ಮುಖವಿದೆ. ನಾನ್ನಜದ ಹುಲ್ಲುಗಾವಲು ಎರೆಭೂತ ಹಕ್ಕಿಯ ಅಭಯಾರಣ್ಯ. ಮರಾಠಿಯವರು ಮಾಳಢೋಕ ಅಂತಾರೆ. ಆ ಹಕ್ಕಿಗೆ ಬೇಕಾದದ್ದು ಬಯಲು. ಬಯಲಲ್ಲಿ ಮರವಿಲ್ಲ, ಹಾಗಾಗಿ ಅರಣ್ಯ ಹೊದಿಕೆಯಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಅಲ್ಲಿ ಯಾವುದಾದರೂ ಸಸಿ ನೆಟ್ಟು ಬೆಳೆಸಿದರೆ ಮಾತ್ರ ಅಂಕ ಏರುತ್ತದೆ.

ಕನ್ನಡದಲ್ಲಿ ಕಾಡು ಬೇರೆ, ತೋಟ ಬೇರೆ. ಮರಾಠಿಯಲ್ಲೂ ಜಂಗಲ ಬೇರೆ, ಬಾಗ ಬೇರೆ. ಸರಕಾರಿ ವರದಿಗೂ ಎರಡು ಕಲಮು ಇರಲಿ, ಒಂದರಲ್ಲಿ ಸ್ವಾಭಾವಿಕ ಕಾಡು, ಇನ್ನೊಂದರಲ್ಲಿ ತೋಟದ ಮರ. ಅದು ಬರುವವರೆಗೆ ವಯನಾಡು, ನೀಲಗಿರಿಯ ಕಾಫಿ ಬೆಳೆಗಾರರು ಕಾಫಿ ಮಂಡಳಿಯಲ್ಲಿ ತೋಟ ನೋಂದಾಯಿಸಿ, ಹಳೆ ಪಟ್ಟೆ, ಕಂದಾಯ ರಸೀದಿ ಜೋಪಾನ ಮಾಡಿ ಇಟ್ಟುಕೊಳ್ಳಬೇಕು. ನೋಂದಣಿಯ ಮಾಹಿತಿ ಗಡಿಯಾಚೆಯ ನಮ್ಮ ಬೆಳೆಗಾರರಿಗೆ ಕನ್ನಡದಲ್ಲೂ ಸಿಗುವಂತೆ ಮಂಡಳಿ ನೋಡಿಕೊಳ್ಳಲಿ.