ಬೀಜಗಣಿತವೂ ಅಕ್ಕಿಮುಡಿಯೂ

2024ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಯು ನೂರಕ್ಕೆ 94ರ ಫಲಿತಾಂಶದೊಡನೆ ಇಡೀ ರಾಜ್ಯಕ್ಕೆ ಮೊದಲನೆಯದಾಗಿ ನಿಂತಿತು. ಇದರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ವಲಯಗಳ ಉಪಾಧ್ಯಾಯರಿಗೆ ಸಲ್ಲತಕ್ಕ ಗೌರವವನ್ನು ನಾವು ಸಂತೋಷದಿಂದ ಸಲ್ಲಿಸುತ್ತೇವೆ. ಆದರೆ ತೇರ್ಗಡೆಯಾಗುವುದು ಬೇರೆ, ತಿಳಿಯುವುದು ಬೇರೆ. ಸಮೀಕರಣವನ್ನು ಸರಿಯಾಗಿ ಬಿಡಿಸಿದ ಹುಡುಗನನ್ನೇ ಹತ್ತಿರ ಕರೆದು, ‘ಮಗು, ಈ ಎಕ್ಸ್ ಎಂದರೇನಪ್ಪಾ?’ ಎಂದು ಕೇಳಿ ನೋಡಿರಿ. ‘ಈಚೆಯದನ್ನು ಆಚೆ ಹಾಕಿದರೆ ಚಿಹ್ನೆ ಬದಲಾಗುತ್ತದೆ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಏಕೆ ಬದಲಾಗುತ್ತದೆಂದು ಅವನು ಅರಿಯನು. ಅರಿಯಬೇಕೆಂದು ಯಾರೂ ಅವನಿಗೆ ಹೇಳಿಲ್ಲ.

ಈ ದೋಷದ ಮೂಲವು ಆರನೆಯ, ಏಳನೆಯ ತರಗತಿಗಳಲ್ಲಿದೆ. ಅಂಕಿಗಳ ನಡುವೆ ನಿರ್ಭಯವಾಗಿ ಓಡಾಡುತ್ತಿದ್ದ ಮಗುವಿನ ಮುಂದೆ ಹಠಾತ್ತಾಗಿ ಪರಭಾಷೆಯ ಅಕ್ಷರವೊಂದು ಬಂದು ನಿಲ್ಲುತ್ತದೆ. ನಮ್ಮ ಪೂರ್ವಿಕರಿಗೆ ಈ ಅವಸರವಿರಲಿಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯನು ತಿಳಿಯದ ಸಂಖ್ಯೆಯನ್ನು ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’, ಎಂದು ಕರೆದು ‘ಯಾ’ ಎಂದು ಮೊಟಕಾಗಿ ಬರೆದನು. ಮುಂದಿನ ಅವ್ಯಕ್ತಗಳಿಗೆ ಕಾಲಕ, ನೀಲಕ ಎಂಬ ಬಣ್ಣದ ಹೆಸರುಗಳು. ಮೊದಲು ಮಾತು, ಅನಂತರ ಅಕ್ಷರ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿಯೇ ಮಹಾವೀರಾಚಾರ್ಯನು ಹಣ್ಣು, ಮುತ್ತುಗಳ ಲೆಕ್ಕಗಳಿಂದ ಗಣಿತವನ್ನು ಬೋಧಿಸಿದ್ದನೆಂಬುದನ್ನು ಕನ್ನಡಿಗರಾದ ನಾವು ಮರೆಯತಕ್ಕುದಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಅಕ್ಕಿಮುಡಿಗಿಂತ ಉತ್ತಮವಾದ ಸಾಧನ ಬೇಡ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯೊಳಗೆ ಎಷ್ಟಿದೆಯೆಂಬುದು ಕಣ್ಣಿಗೆ ಕಾಣದು. ಇದೆಯೆಂಬುದು ಮಾತ್ರ ನಿಶ್ಚಯ. ಅವ್ಯಕ್ತವೆಂದರೆ ಇದೇ ಅಲ್ಲವೇ? ಒಂದೇ ಅಳತೆಯ ಎರಡು ಮುಡಿಯೂ ಬಿಡಿಯಾಗಿ ಆರು ಸೇರೂ ಕೂಡಿ 90 ಸೇರಾದರೆ ಒಂದು ಮುಡಿಯಲ್ಲಿ ಎಷ್ಟು? ತಕ್ಕಡಿಯ ಎರಡು ತಟ್ಟೆಗಳಿಂದಲೂ ಆರಾರು ಸೇರು ತೆಗೆದರೆ ಎರಡು ಮುಡಿಗೆ 84, ಒಂದಕ್ಕೆ 42. ‘ಆಚೆ ಹಾಕುವ’ ಮಂತ್ರದ ಗುಟ್ಟು ಇಷ್ಟೇ ಎಂದು ಮಗು ತಾನೇ ಕಂಡುಕೊಳ್ಳುವುದು. ಮುಡಿಗೆ 42 ಸೇರೆಂಬ ಹಳೆಯ ರೂಢಿಯನ್ನು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಉತ್ತರದ ಪರಿಶೀಲನೆಯೂ ಆದಂತಾಯಿತು!

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಮು’ ಎಂದು ಬರೆದಾಗ ಅದು ಮುಡಿಯೆಂಬ ವಸ್ತುವಲ್ಲ, ಮುಡಿಯೊಳಗಣ ಸೇರುಗಳ ಸಂಖ್ಯೆ. ಈ ಭೇದವನ್ನು ಉಪಾಧ್ಯಾಯರು ಸಡಿಲ ಬಿಟ್ಟರೆ ಮುಡಿಯೂ ಎಕ್ಸ್‌ನಷ್ಟೇ ಕಗ್ಗಂಟಾದೀತು.

ಮುಡಿ ಕಟ್ಟುವ ಮನೆಗಳು ಈಗೆಲ್ಲಿವೆ ಎಂದು ಕೆಲವರು ಆಕ್ಷೇಪಿಸುವರು. ಮಾತು ನಿಜ. ಹಾಗಾದರೆ ಗಂಗೊಳ್ಳಿಯ ಮಕ್ಕಳಿಗೆ ದೋಣಿಯ ಪಾಲನ್ನು ಕೊಡಿರಿ. ಮೀನು ಮಾರಿ ಬಂದ 20,000 ರೂಪಾಯಿಯಲ್ಲಿ ಎಣ್ಣೆಯ ಖರ್ಚು 5,000 ಕಳೆದು, ದೋಣಿಗೆ ಎರಡು ಪಾಲು, ಎಂಟು ಮಂದಿಗೆ ಒಂದೊಂದು ಪಾಲು ಎಂದಿಟ್ಟುಕೊಂಡರೆ ಪಾಲೊಂದಕ್ಕೆ 1,500. ಎಣ್ಣೆಯ ಬೆಲೆ ಏರಿದರೆ ಪಾಲು ಎಷ್ಟು ಇಳಿಯುವುದೆಂಬ ಮುಂದಿನ ಪ್ರಶ್ನೆಯನ್ನು ಬೆಸ್ತರ ಮಗು ತಾನೇ ಕೇಳುವುದು. ಅದರ ಊಟವೇ ಆ ಲೆಕ್ಕದಲ್ಲಿದೆ.

2006ರ ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕವು ಆರನೆಯ ತರಗತಿಯ ಬೀಜಗಣಿತವನ್ನು ಬೆಂಕಿಕಡ್ಡಿಗಳ ಆಟದಿಂದಲೇ ಆರಂಭಿಸಿತ್ತು. ಉದ್ದೇಶ ಸ್ತುತ್ಯ. ಆದರೆ ಮಕ್ಕಳ ಕೈಗೆ ಕಡ್ಡಿಯನ್ನು ಕೊಡದೆ, ಅಚ್ಚಾದ ಚಿತ್ರವನ್ನು ತೋರಿಸಿ ಸೂತ್ರವನ್ನು ಬಾಯಿಪಾಠ ಮಾಡಿಸಿದರೆ ಫಲವೇನು? ಪಾಠಗಳು ಮುಗಿದುವೇ ಎಂದು ವಿಚಾರಿಸುವ ಮೇಲಧಿಕಾರಿಗಳಿರುವಾಗ ಉಪಾಧ್ಯಾಯರೊಬ್ಬರನ್ನೇ ದೂಷಿಸುವುದು ನ್ಯಾಯವಲ್ಲ. ಮೂರು ವಲಯಗಳ ಶಿಕ್ಷಣಾಧಿಕಾರಿಗಳು ಬೀಜಗಣಿತದ ಮೊದಲ ಎರಡು ವಾರಗಳಲ್ಲಿ ಎಕ್ಸ್ ಎಂಬ ಅಕ್ಷರವನ್ನು ಹಲಗೆಯ ಮೇಲೆ ಬರೆಯದಿರಲು ಅನುಮತಿಯಿತ್ತು, ಆ ಅವಧಿಯ ಪುಟಗಳ ಲೆಕ್ಕವನ್ನು ಕೇಳದಿರಲಿ. ಶಾಲೆಗಳು ತೆರೆಯುವ ಮುನ್ನವೇ ಈ ಸುತ್ತೋಲೆ ಹೊರಡಬೇಕೆಂದು ನಾವು ಅಪೇಕ್ಷಿಸುತ್ತೇವೆ.